ನನ್ನೆದುರು ಪೂರ್ತಿ ಮುಳುಗದ ಹಡಗು

ನಾನು ಹಡಗಿನಲ್ಲಿ ಕೆಲಸ ಮಾಡಿದವ ಎಂದು ಗೊತ್ತಾದ ಕೂಡಲೇ ಜನ ಒಂದೇ ಪ್ರಶ್ನೆ ಕೇಳುತ್ತಾರೆ. ಮೊದಲ ಪ್ರಯಾಣದಲ್ಲೇ ಮಂಜುಗಡ್ಡೆಗೆ ಬಡಿದು ಮುಳುಗಿದ ಆ ದೊಡ್ಡ ಹಡಗಿನ ಬಗ್ಗೆ. "ಸಿನಿಮಾದಲ್ಲಿ ತೋರಿಸಿದ್ದು ನಿಜವಾ?" ಬಸ್ಸಿನಲ್ಲಿ ಕೇಳಿದ್ದಾರೆ. ಬ್ಯಾಂಕಿನ ಸಾಲಿನಲ್ಲಿ ಕೇಳಿದ್ದಾರೆ. ಉಡುಪಿಯಲ್ಲಿ ಹಲ್ಲು ಕೀಳಿಸುವಾಗ ಡಾಕ್ಟರೇ ಕೇಳಿದರು. ಇಕ್ಕಳ ನನ್ನ ಬಾಯೊಳಗಿತ್ತು. ಅವರು ಉತ್ತರಕ್ಕೆ ಕಾಯುತ್ತಿದ್ದರು.

ನಾನು ಇದ್ದದ್ದು ಇಂಜಿನ್ ರೂಮಿನಲ್ಲಿ. ಫಿಟ್ಟರ್. ಅಲ್ಲಿ ಕಿಟಕಿ ಇಲ್ಲ. ಸಮುದ್ರವನ್ನು ನಾನು ಕಣ್ತುಂಬ ನೋಡಿದ್ದು ರಜೆಯಲ್ಲಿ ಊರಿಗೆ ಬಂದಾಗ, ಕಾಪು ಬೀಚಿನಲ್ಲಿ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಆದ್ದರಿಂದ ಹೇಳುವುದಿಲ್ಲ.

ಆ ಹಡಗನ್ನು ಪರದೆಯ ಮೇಲೆ ಬಹಳ ಜನ ಮುಳುಗಿಸಿದ್ದಾರೆ. ಕಪ್ಪುಬಿಳುಪಿನಲ್ಲಿ, ಬಣ್ಣದಲ್ಲಿ, ಧಾರಾವಾಹಿಯಲ್ಲಿ, ಕಂಪ್ಯೂಟರಿನಲ್ಲಿ. ಎಲ್ಲದಕ್ಕೂ ಕೂತಿದ್ದೇನೆ. ಒಂದರ ಕೊನೆಯನ್ನೂ ನೋಡಿರಲಿಲ್ಲ. ಒಬ್ಬನೇ ಇದ್ದರೆ, ನೀರು ಬಾಯ್ಲರಿನ ಹತ್ತಿರ ಬರುವಷ್ಟರಲ್ಲಿ ಟಿವಿ ಆಫ್ ಮಾಡುತ್ತೇನೆ. ಕೆಳಗೆ ಇದ್ದವರು ಮೇಲೆ ಬರುವುದಿಲ್ಲ ಎಂದು ನನಗೆ ಗೊತ್ತು. ಅದು ಒಬ್ಬನೇ ನೋಡುವಂಥದ್ದಲ್ಲ. ಪಕ್ಕದಲ್ಲಿ ಒಂದು ಜನ ಬೇಕು. ಮಾತಾಡಬೇಕೆಂದಿಲ್ಲ. ಮಧ್ಯದಲ್ಲಿ ಎದ್ದು ಹೋಗದಿದ್ದರೆ ಸಾಕು.

ಅಂಥ ಒಂದು ಜನ ಸಿಗುವುದು ಎಷ್ಟು ಕಷ್ಟ ಎಂದು ಕೆಳಗೆ ಬರೆದಿದ್ದೇನೆ.

ಇಂಟರ್‌ವಲ್

ಬಣ್ಣದ ದೊಡ್ಡ ಸಿನಿಮಾ ಉಡುಪಿಗೆ ಬಂದಾಗ ನಾನು ರಜೆಯಲ್ಲಿದ್ದೆ. ಹೆಂಡತಿಯನ್ನು ಕರೆದುಕೊಂಡು ಮ್ಯಾಟಿನಿಗೆ ಹೋದೆ. ನಾವು ಒಟ್ಟಿಗೆ ನೋಡಿದ ಸಿನಿಮಾ ಕಡಿಮೆ. ನಾನು ಊರಲ್ಲಿರುವಾಗ ಒಳ್ಳೆಯ ಸಿನಿಮಾ ಇರುತ್ತಿರಲಿಲ್ಲ. ಒಳ್ಳೆಯ ಸಿನಿಮಾ ಬಂದಾಗ ನಾನು ಇರುತ್ತಿರಲಿಲ್ಲ.

ಪರದೆಯ ಮೇಲೆ ಹಡಗು ಬಂತು. ಅವಳು ನನ್ನ ಕಿವಿಯ ಹತ್ತಿರ ಬಾಗಿದಳು.

"ನಿಮ್ಮದು ಇಷ್ಟು ದೊಡ್ಡದಾ?"

"ಇಲ್ಲ."

"ಇಷ್ಟು ಚಂದ ಉಂಟಾ?"

"ಇಲ್ಲ."

"ಹೀಗೆ ಹೆಂಗಸರು, ಡ್ಯಾನ್ಸು, ಎಲ್ಲ ಉಂಟಾ?"

"ಇಲ್ಲ. ಸಿಮೆಂಟ್ ಉಂಟು."

ಅವಳಿಗೆ ಸಮಾಧಾನವಾಯಿತು. ನೆಟ್ಟಗೆ ಕೂತು ನೋಡಿದಳು.

ಹಡಗಿಗೆ ಮಂಜುಗಡ್ಡೆ ತಾಗಿತು. ಸ್ವಲ್ಪ ಹೊತ್ತಿಗೆ ಇಂಟರ್‌ವಲ್. ಲೈಟು ಹತ್ತಿದ ಕೂಡಲೇ ಅವಳು ಬ್ಯಾಗು ಹೆಗಲಿಗೆ ಹಾಕಿದಳು.

"ಎಲ್ಲಿಗೆ?"

"ಮನೆಗೆ."

"ಇನ್ನೂ ಅರ್ಧ ಉಂಟು."

"ಬರುವ ವಾರ ನಿಮಗೆ ಹಡಗು ಹತ್ತಲಿಕ್ಕುಂಟು. ಉಳಿದದ್ದು ನಾನು ನೋಡುವುದಿಲ್ಲ. ನೀವೂ ನೋಡಬೇಡಿ."

ಹೊರಗೆ ಬಂದು ಗಡ್‌ಬಡ್ ಐಸ್‌ಕ್ರೀಮ್ ತಿಂದೆವು. ಅವಳು ಉದ್ದ ಲೋಟದ ತಳದವರೆಗೂ ಮಾತಿಲ್ಲದೆ ತಿಂದಳು. ಆಮೇಲೆ ಚಮಚ ಇಟ್ಟು ಕೇಳಿದಳು, "ನಿಮ್ಮ ದಾರಿಯಲ್ಲಿ ಮಂಜುಗಡ್ಡೆ ಉಂಟಾ?"

"ನಮ್ಮದು ಗಲ್ಫ್ ಲೈನು. ಅಲ್ಲಿ ಸಮುದ್ರವೇ ಬಿಸಿ."

"ಹಾಗಾದರೆ ಇನ್ನೊಂದು ಗಡ್‌ಬಡ್ ಹೇಳಿ."

ಮರುದಿನ ಬಾವಿಕಟ್ಟೆಯ ಹತ್ತಿರ ಅವಳು ಪಕ್ಕದ ಮನೆಯವರಿಗೆ ಸಿನಿಮಾದ ಕತೆ ಹೇಳುವುದು ನನಗೆ ಕೇಳಿಸಿತು. ಮೇಲಿನ ಡೆಕ್ಕು, ಕೆಳಗಿನ ಡೆಕ್ಕು, ಊಟದ ಮೇಜು, ಬೆಳ್ಳಿಯ ಚಮಚ, ಎಲ್ಲ ಹೇಳಿದಳು. ಹಡಗಿಗೆ ಮಂಜು ತಾಗಿದ್ದನ್ನೂ ಹೇಳಿದಳು.

"ಕೊನೆಗೆ ಎಂತಾಯಿತು?" ಎಂದು ಅವರು ಕೇಳಿದರು.

"ಎಂತಾಗುವುದು? ಸ್ವಲ್ಪ ತಾಗಿತು ಅಷ್ಟೆ. ರಿಪೇರಿ ಮಾಡ್ತಾರೆ. ಒಳಗೆ ಫಿಟ್ಟರ್ ಇರ್ತಾರಲ್ಲ."

ಏಳು ಸಣ್ಣದು, ಒಂದು ಉದ್ದ

ಅದೇ ಸಿನಿಮಾದ ಕ್ಯಾಸೆಟ್ ನಮ್ಮ ಹಡಗಿಗೂ ಬಂತು. ತಂದವನು ಉಚ್ಚಿಲದ ಕುಕ್. ಯಾವುದೋ ಬಂದರಿನಲ್ಲಿ ಕೊಂಡಿದ್ದ. ಡ್ಯೂಟಿ ಇಲ್ಲದವರೆಲ್ಲ ಮೆಸ್ಸಿನಲ್ಲಿ ಸೇರಿದೆವು. ಹಡಗಿನಲ್ಲಿ ಕೂತು ಹಡಗು ಮುಳುಗುವುದನ್ನು ನೋಡುವುದು ಒಳ್ಳೆಯ ಬುದ್ಧಿಯಲ್ಲ. ಆದರೆ ಬೇರೆ ಕ್ಯಾಸೆಟ್ ಎಲ್ಲವನ್ನೂ ಬಾಯಿಪಾಠ ಮಾಡಿಯಾಗಿತ್ತು.

ನೀರು ಕೆಳಗಿನ ಮೆಟ್ಟಿಲುಗಳಿಗೆ ಬಂದಿತ್ತು. ನನ್ನ ಎರಡು ಬದಿಗೂ ಜನ ಇದ್ದರು. ಈ ಸಲ ಕೊನೆಯವರೆಗೆ ನೋಡುತ್ತೇನೆ ಎಂದುಕೊಂಡೆ. ಅಷ್ಟರಲ್ಲಿ ಗಂಟೆ ಹೊಡೆಯಲು ಸುರುವಾಯಿತು. ಏಳು ಸಣ್ಣದು, ಒಂದು ಉದ್ದ. ಪುನಃ ಏಳು ಸಣ್ಣದು, ಒಂದು ಉದ್ದ.

"ಸೌಂಡ್ ಎಷ್ಟು ಒಳ್ಳೆಯದು ಕೊಟ್ಟಿದ್ದಾರೆ ನೋಡು ಮಾರಾಯ," ಎಂದ ಕುಕ್. "ನಮ್ಮ ಹಡಗಿನಲ್ಲೇ ಹೊಡೆದ ಹಾಗೆ ಕೇಳ್ತದೆ."

ಹೊಡೆದದ್ದು ನಮ್ಮ ಹಡಗಿನಲ್ಲೇ. ಡ್ರಿಲ್. ಲೈಫ್‌ಜಾಕೆಟ್ ಹಾಕಿಕೊಂಡು ದೋಣಿಯ ಹತ್ತಿರ ನಿಲ್ಲಬೇಕಿದ್ದ ನಾವು ಕಾಲು ಚಾಚಿ ಕೂತಿದ್ದೆವು. ಚೀಫ್ ಆಫೀಸರ್ ಒಳಗೆ ಬಂದರು. ಟಿವಿಯ ಎದುರು ನಿಂತು, ಕ್ಯಾಸೆಟ್ ಎಳೆದು ಕಂಕುಳಲ್ಲಿ ಇಟ್ಟುಕೊಂಡರು.

"ಈಗ ನಿಜವಾದ ಅಪಾಯ ಆಗಿದ್ದರೆ, ನೀವೆಲ್ಲ ಸತ್ತಿರುತ್ತಿದ್ದಿರಿ," ಎಂದರು. "ನನ್ನ ಲೆಕ್ಕದಲ್ಲಿ ನೀವೆಲ್ಲ ಸತ್ತವರು."

ಕುಕ್ ಎದ್ದು ನಿಂತ.

"ಸಾಬ್, ಹಾಗಾದರೆ ಇವತ್ತು ಅಡುಗೆ ನಿಮಗೊಬ್ಬರಿಗೇ ಸಾಕಾ?"

ಮೊದಲೇ ಹೇಳಿ

ಕೆಲಸ ಬಿಟ್ಟು ಊರಿಗೆ ಬಂದೆ. ಕೆಲವು ವರ್ಷ ನಾನೂ ಹೆಂಡತಿಯೂ ಒಟ್ಟಿಗೆ ಇದ್ದೆವು. ಆಮೇಲೆ ಅವಳು ತೀರಿಕೊಂಡಳು. ಕೊನೆಯವರೆಗೂ ಅವಳ ಲೆಕ್ಕದಲ್ಲಿ ಆ ಹಡಗು ರಿಪೇರಿಯಲ್ಲೇ ಇತ್ತು.

ನಮಗೆ ಮಕ್ಕಳಿಲ್ಲ. ಮನೆ ಕಾಪು ಪೇಟೆಯಿಂದ ಸ್ವಲ್ಪ ಒಳಗೆ. ದಿನಕ್ಕೆ ಮೂರೋ ನಾಲ್ಕೋ ಮಾತು ಆಡುತ್ತೇನೆ. ಅದರಲ್ಲಿ ಎರಡು ಹಾಲಿನವನಿಗೆ. ನಾನು ಮೊದಲೂ ಹೆಚ್ಚು ಮಾತಾಡಿದವನಲ್ಲ. ಆದರೆ ಆಗ ಮನೆಯಲ್ಲಿ ನನ್ನ ಪಾಲಿನದ್ದನ್ನೂ ಆಡುವವಳು ಇದ್ದಳು.

ಪಕ್ಕದ ಮನೆಯ ಹೆಂಗಸನ್ನು ಓಣಿಯವರೆಲ್ಲ 'ಬಾಯಿ' ಎಂದು ಕರೆಯುವುದು. ಆ ಬಾಯಿಯವರೂ ಒಬ್ಬರೇ. ಗಂಡ ಹೋಗಿ ಬಹಳ ಕಾಲವಾಗಿದೆ. ಒಂದು ಸಂಜೆ ಟಿವಿಯಲ್ಲಿ ಆ ಹಡಗಿನ ಕಪ್ಪುಬಿಳುಪಿನ ಸಿನಿಮಾ ಇತ್ತು. ನಾನು ಕಂಪೌಂಡಿನ ಹತ್ತಿರ ಹೋಗಿ, "ಸಿನಿಮಾ ಉಂಟು," ಎಂದೆ. ನನ್ನ ಮಟ್ಟಿಗೆ ಅದು ಭಾಷಣ. ಅವರಿಗೆ ಅರ್ಥವಾಯಿತು. ಒಂದು ತಟ್ಟೆ ಆಗಷ್ಟೇ ಕರಿದ ನೀರುಳ್ಳಿ ಬಜೆ ಹಿಡಿದುಕೊಂಡು ಬಂದರು.

ಐದು ನಿಮಿಷ ನೋಡಿದರು. ಪರದೆಯ ಮೇಲೆ ಒಬ್ಬ ನಾವಿಕ ನಗುತ್ತಾ ಹಗ್ಗ ಎಳೆಯುತ್ತಿದ್ದ.

"ಇವನು ಸಾಯ್ತಾನಾ?" ಎಂದು ಕೇಳಿದರು.

"ಹೌದು."

"ಅಯ್ಯೋ. ಈ ಮೀಸೆಯವ?"

"ಅವನೂ."

"ಈ ಪಿಟೀಲಿನವರು?"

"ಎಲ್ಲರೂ."

"ನೀವು ಮೊದಲೇ ಹೇಳಬೇಕು ಮಾರಾಯ್ರೆ. ಸಾಯುವವರ ಮೇಲೆ ನಾನು ಈಗ ಮನಸ್ಸು ಇಡುವುದಿಲ್ಲ. ಇಟ್ಟು ಇಟ್ಟು ಸಾಕಾಗಿದೆ."

ಅದು ನನಗೂ ನ್ಯಾಯ ಎನಿಸಿತು. ಆಮೇಲೆ ಒಬ್ಬೊಬ್ಬರು ಪರದೆಗೆ ಬಂದ ಹಾಗೆ ನಾನು ಬೆರಳು ತೋರಿಸುತ್ತಾ ಹೋದೆ. ಇವನು ಹೋಗ್ತಾನೆ. ಇವನೂ ಹೋಗ್ತಾನೆ. ಇವರಿಬ್ಬರೂ ಹೋಗ್ತಾರೆ. ಅವರು ಒಬ್ಬೊಬ್ಬರನ್ನೇ ಬಿಟ್ಟು ಮುಂದಿನವರನ್ನು ನೋಡಿದರು. ಬಜೆ ಮುಗಿಯಿತು.

"ಹಾಗಾದರೆ ಉಳಿಯುವುದು ಯಾರು?"

ಆಗ ಮೇಲಿನ ಡೆಕ್ಕಿನ ಹೆಂಗಸರು ಬಂದಿದ್ದರು. ತಲೆಯ ಮೇಲೆ ಗರಿಯ ಟೊಪ್ಪಿ, ಮೂಗು ಆಕಾಶಕ್ಕೆ.

"ಹೆಚ್ಚಾಗಿ ಇವರು," ಎಂದೆ.

ಬಾಯಿಯವರು ಅವರನ್ನು ಮೇಲಿಂದ ಕೆಳಗೆ ನೋಡಿದರು. ಖಾಲಿ ತಟ್ಟೆ ಎತ್ತಿಕೊಂಡು ಎದ್ದರು.

"ಇಂಥ ಜಂಬದವರು ಬದುಕುವುದನ್ನು ನೋಡಲಿಕ್ಕೆ ನಾನು ಎರಡು ಗಂಟೆ ಕೂತುಕೊಳ್ಳಬೇಕಾ? ಅದಕ್ಕೆ ನಮ್ಮ ವಾರ್ಡಿನಲ್ಲೇ ಜನ ಇದ್ದಾರೆ."

ಗರುಡ

ಮಣಿಪಾಲದ ವಿದ್ಯಾರ್ಥಿಗಳು ಆ ಹಡಗಿನ ಬಗ್ಗೆ ಒಂದು ಸಣ್ಣ ಸಿನಿಮಾ ಮಾಡಲು ಹೊರಟರು. ಹಡಗಿನಲ್ಲಿ ಇದ್ದವರು ಒಬ್ಬರು ಕಾಪುವಿನಲ್ಲಿ ಇದ್ದಾರೆ ಎಂದು ಯಾರೋ ಹೇಳಿದ್ದರಂತೆ. ಡೈರೆಕ್ಟರ್ ಒಬ್ಬಳು ಹುಡುಗಿ, ಊರು ದೆಹಲಿ. ಅವಳ ಮಾತನ್ನು ನನಗೆ ಹೇಳಲು, ನನ್ನ ಮಾತನ್ನು ಅವಳಿಗೆ ಹೇಳಲು, ಪೆರ್ಡೂರಿನ ಒಬ್ಬ ವಿದ್ಯಾರ್ಥಿ. ಎರಡನೆಯ ಕೆಲಸ ಅವನಿಗೆ ಹೆಚ್ಚು ಇರಲಿಲ್ಲ.

ಜೀಪಿನಲ್ಲಿ ಕೂರಿಸಿ ಕಾರ್ಕಳದ ಕಡೆಗೆ ಕರೆದುಕೊಂಡು ಹೋದರು. ಅಲ್ಲಿ ಕೆಲಸ ನಿಂತ ಒಂದು ಕಲ್ಲುಕೋರೆ. ಮಳೆನೀರು ತುಂಬಿ ಕೆರೆಯ ಹಾಗಾಗಿದೆ. ಅದು ಅವರ ಅಟ್ಲಾಂಟಿಕ್. ದಡದಲ್ಲಿ ಪ್ಲೈವುಡ್ಡಿನ ಹಡಗು, ಎರಡು ರಿಕ್ಷಾದಷ್ಟು ಉದ್ದ. ಕಿಟಕಿಗಳಲ್ಲಿ ಸಣ್ಣ ಬಲ್ಬು ಕೂಡ ಇತ್ತು. ಚಂದ ಮಾಡಿದ್ದರು.

"ಸರ್, ಇದು ತೇಲ್ತದಾ ಅಂತ ಮೇಡಂ ಕೇಳ್ತಾರೆ."

ನಾನು ಹಡಗಿನ ಬದಿಗೆ ಬೆರಳ ಗಂಟಿನಿಂದ ತಟ್ಟಿದೆ. ಪಂಪು ನೋಡುವ ಹಾಗೆ ಸುತ್ತ ನೋಡಿದೆ.

"ತೇಲ್ತದೆ," ಎಂದೆ.

ಮಂಜುಗಡ್ಡೆ ಥರ್ಮಾಕೋಲಿನದ್ದು ಬೇಡ, ನಿಜವಾದದ್ದೇ ಬೇಕು ಎಂದು ಹುಡುಗಿಯ ಹಟ. ಅದಕ್ಕೆ ಮಲ್ಪೆಯ ಐಸ್ ಪ್ಲಾಂಟಿನಿಂದ, ಮೀನಿಗೆ ಹಾಕುವ ಐಸು ತರಿಸಿದ್ದರು. ಹೊರಡುವಾಗ ಟೆಂಪೋ ತುಂಬ ಇತ್ತಂತೆ. ಕಾರ್ಕಳ ಮುಟ್ಟುವಾಗ ಬಿಸಿಲಿಗೆ ಕರಗಿ ಒಂದು ಕಪಾಟಿನಷ್ಟು ಉಳಿದಿತ್ತು. ಗೋಣಿ ಬಿಚ್ಚಿದಾಗ ಮೀನಿನ ವಾಸನೆ ಸುತ್ತಲೂ ಹಬ್ಬಿತು. ಹೇಗೋ ನೂಕಿ ನೀರಿಗೆ ಬಿಟ್ಟರು. ಹಡಗನ್ನೂ ಹಗ್ಗ ಕಟ್ಟಿ ಇಳಿಸಿದರು. ತೇಲಿತು. ಹುಡುಗರು ಚಪ್ಪಾಳೆ ಹೊಡೆದರು. ಮುಳುಗಿಸುವ ದೃಶ್ಯ ಮುಗಿಯುವವರೆಗೆ ನಾನು ಇರಬೇಕು ಎಂದರು. ಇರುತ್ತೇನೆ ಎಂದೆ. ಅಷ್ಟು ಜನರ ಮಧ್ಯೆ, ಹಾಡುಹಗಲಿನಲ್ಲಿ, ಪೂರ್ತಿ ನೋಡಿದ ಹಾಗೂ ಆಯಿತು ಎಂದುಕೊಂಡೆ.

ಕ್ಯಾಮೆರಾ ಸುರು ಮಾಡುವಾಗ ಆಕಾಶದಿಂದ ಒಂದು ಗರುಡ ಇಳಿದು ಮಂಜುಗಡ್ಡೆಯ ಮೇಲೆ ಕೂತಿತು.

"ಓಡಿಸಿ ಅದನ್ನು!" ಎಂದು ಡೈರೆಕ್ಟರ್ ಕೂಗಿದಳು. "ಅಟ್ಲಾಂಟಿಕ್‌ನಲ್ಲಿ ಅದು ಇಲ್ಲ!"

ಪೆರ್ಡೂರಿನವನು ಚಪ್ಪಲಿ ಕಳಚಿ ಕೈ ಮುಗಿದು ನಿಂತಿದ್ದ.

"ಗರುಡನನ್ನು ಓಡಿಸಲಿಕ್ಕಿಲ್ಲ ಮೇಡಂ. ಅವನಾಗಿಯೇ ಹೋಗಬೇಕು."

"ಯಾವಾಗ ಹೋಗ್ತದೆ?"

"ಅದು ನಾವು ಕೇಳಲಿಕ್ಕಿಲ್ಲ."

ಗರುಡ ಐಸನ್ನು ಕುಕ್ಕಿ ನೋಡಿತು. ಒಳಗೆ ಮೀನಿಲ್ಲ ಎಂದು ಗೊತ್ತಾಗಲು ಅದಕ್ಕೆ ಬಹಳ ಹೊತ್ತು ಬೇಕಾಯಿತು. ಎಲ್ಲರೂ ಅದನ್ನೇ ನೋಡುತ್ತಾ ನಿಂತೆವು. ಕ್ಯಾಮೆರಾದವನೂ ನೋಡುತ್ತಿದ್ದ. ನಾನೂ ನೋಡುತ್ತಿದ್ದೆ. ಕೊನೆಗೆ ಅದು ಹಾರಿತು. ಎಲ್ಲರೂ ಹಡಗಿನ ಕಡೆಗೆ ತಿರುಗಿದೆವು.

ನೀರಿನ ಮೇಲೆ ಒಂದು ಸಣ್ಣ ಬಾವುಟ ಇತ್ತು. ಅದೂ ಹೋಯಿತು.

ಹುಡುಗಿ ನನ್ನ ಕಡೆ ನೋಡಿದಳು. ಈ ಸಲ ನಡುವೆ ಯಾರೂ ಬೇಕಾಗಲಿಲ್ಲ, ಸಿಟ್ಟಿಗೆ ಅವಳಿಗೆ ಕನ್ನಡವೇ ಬಂತು.

"ಸರ್, ತೇಲ್ತದೆ ಅಂದ್ರಲ್ಲ?"

"ತೇಲಿತಲ್ಲ," ಎಂದೆ. "ಎಷ್ಟು ಹೊತ್ತು ಎಂದು ನೀನು ಕೇಳಲಿಲ್ಲ."

ಯಾವ ಕಡೆಯವರು

ಸಂಜೆ ಕಾಪು ಬೀಚಿನಲ್ಲಿ ಲೈಟ್‌ಹೌಸಿನವರೆಗೆ ನಡೆಯುತ್ತೇನೆ. ಮದುವೆಗೆ ಮೊದಲಿನ ವಿಡಿಯೋ ತೆಗೆಸುವ ಜೋಡಿಗಳು ಅಲ್ಲಿ ಬಹಳ. ದಡದಲ್ಲಿರುವ ಎರ್ಮಾಳಿನವರ ದೋಣಿ ಹತ್ತಿ, ಮೂತಿಯಲ್ಲಿ ನಿಂತು, ಕೈ ಅಗಲಿಸುತ್ತಾರೆ. ದೋಣಿಯವರು ಬಲೆ ಹಿಡಿದುಕೊಂಡು ಕೆಳಗೆ ಕಾಯುತ್ತಾರೆ. "ನಿಮ್ಮ ಪ್ರೀತಿ ಮುಗಿದರೆ ನಾವು ಬಂಗುಡೆಗೆ ಹೋಗಬಹುದಾ?" ಎಂದು ಒಬ್ಬರು ಕೇಳಿದ್ದನ್ನು ನಾನೇ ಕೇಳಿದ್ದೇನೆ.

ಒಂದು ದಿನ ಫೋಟೋದವನು ನನ್ನ ಬಿಳಿ ಗಡ್ಡ ನೋಡಿದ. "ಅಂಕಲ್, ಒಂದು ನಿಮಿಷ," ಎಂದು ತಲೆಗೆ ಒಂದು ಕ್ಯಾಪ್ಟನ್ ಟೊಪ್ಪಿ ಇಟ್ಟ. ಜೋಡಿಯ ಹಿಂದೆ ನಿಂತು ಸಲ್ಯೂಟ್ ಹೊಡೆಯಲು ಹೇಳಿದ. ಹೊಡೆದೆ. ಇಂಜಿನ್ ರೂಮಿನವನಿಗೆ ಇಷ್ಟು ಸುಲಭದಲ್ಲಿ ಬಡ್ತಿ ಯಾವ ಕಂಪೆನಿಯಲ್ಲೂ ಸಿಗುವುದಿಲ್ಲ. ಹುಡುಗಿ ಒಳ್ಳೆಯವಳು. "ಕಾರ್ಕಳದ ಹಾಲ್‌ನಲ್ಲಿ ಮದುವೆ, ನೀವು ಖಂಡಿತ ಬರಬೇಕು," ಎಂದಳು. ಜನ ಹಾಗೆ ಹೇಳುತ್ತಾರೆ, ಹೋಗಲಿಕ್ಕಲ್ಲ. ನನಗೆ ಬೇರೆ ಕೆಲಸ ಇರಲಿಲ್ಲ. ಇಸ್ತ್ರಿ ಹಾಕಿದ ಶರ್ಟು ಹಾಕಿಕೊಂಡು ಬಸ್ಸು ಹತ್ತಿದೆ.

ಮದುವೆ ಹಾಲ್‌ನಲ್ಲಿ ಯಾರ ಪರಿಚಯವೂ ಇಲ್ಲ. ಹಿಂದಿನ ಸಾಲಿನಲ್ಲಿ ಕೂತೆ. ವೇದಿಕೆಯ ಪಕ್ಕದ ದೊಡ್ಡ ಪರದೆಯಲ್ಲಿ ವಿಡಿಯೋ ಸುರುವಾಯಿತು. ದೋಣಿ, ಜೋಡಿ, ನಾನು, ಸಲ್ಯೂಟ್. ಆಮೇಲೆ ನಮ್ಮ ದೋಣಿ ಕಂಪ್ಯೂಟರಿನಲ್ಲಿ ದೊಡ್ಡ ಹಡಗಾಯಿತು. ಅದೇ ಹಡಗು. ಎಡಿಟ್ ಮಾಡಿದವನು ಎಲ್ಲಿಂದಲೋ ಸಿದ್ಧ ತುಂಡು ತಂದು ಅಂಟಿಸಿದ್ದ. ಅದರ ಬಾಲ ಕತ್ತರಿಸಲು ಮರೆತಿದ್ದ. ಮಂಜುಗಡ್ಡೆ ಬಂತು. ಹಡಗು ವಾಲಿತು. ಮೇಲೆ ಹೃದಯದ ಗುರುತು, ಅದರೊಳಗೆ ಹುಡುಗ ಹುಡುಗಿಯ ಹೆಸರು. ಕೆಳಗೆ ಜನ ನೀರಿಗೆ ಹಾರುತ್ತಿದ್ದರು.

ನಾನು ಕುರ್ಚಿಯ ತುದಿಗೆ ಬಂದೆ. ಇಡೀ ಹಾಲ್ ನನ್ನೊಟ್ಟಿಗೆ ನೋಡುತ್ತಿತ್ತು.

"ಬಂದ್ ಮಾಡಿ!" ಹುಡುಗನ ದೊಡ್ಡಪ್ಪ ಎದ್ದು ಕೂಗಿದರು. "ಮುಹೂರ್ತದ ಹೊತ್ತಿಗೆ ಎಂತ ಮುಳುಗಿಸುವುದು!"

ಯಾರೋ ವಯರನ್ನೇ ಎಳೆದರು. ಪರದೆ ಹೋಯಿತು. ಮೈಕು ಹೋಯಿತು. ಫ್ಯಾನು ಹೋಯಿತು. ದೊಡ್ಡಪ್ಪ ಇದಕ್ಕೆಲ್ಲ ಕಾರಣ ಯಾರೆಂದು ಸುತ್ತ ಹುಡುಕಿದರು. ಫೋಟೋದವನು ಅಡುಗೆಮನೆಯ ಕಡೆಗೆ ಜಾರಿದ್ದ. ಪರದೆಯಲ್ಲಿ ಕಂಡ ಗಡ್ಡ ಹಿಂದಿನ ಸಾಲಿನಲ್ಲಿ ಕೂತಿತ್ತು. ನೇರ ನನ್ನ ಹತ್ತಿರ ಬಂದರು.

"ನೀವು ಯಾವ ಕಡೆಯವರು? ಹುಡುಗನ ಕಡೆಯಾ, ಹುಡುಗಿಯ ಕಡೆಯಾ?"

ನಾನು ಯೋಚಿಸಿದೆ. ಸುಳ್ಳು ಹೇಳುವ ಅಭ್ಯಾಸ ಇಲ್ಲ.

"ಹಡಗಿನ ಕಡೆ," ಎಂದೆ.

ಅಳುವವರು

ನನ್ನ ಮನೆಯ ಹಿಂದಿನ ಕೋಣೆಯಲ್ಲಿ ಗದಗದ ಕಡೆಯ ಒಬ್ಬ ಗಾರೆ ಮೇಸ್ತ್ರಿ ಬಾಡಿಗೆಗೆ ಇದ್ದಾನೆ. ಬೆಳಿಗ್ಗೆ ಕೆಲಸಕ್ಕೆ ಹೋದರೆ ಸಂಜೆ ಬರುವವ. ಅವನ ತಾಯಿ ಊರಿಂದ ಬಂದಿದ್ದರು. ಮಣಿಪಾಲದಲ್ಲಿ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಕಪ್ಪು ಕನ್ನಡಕ ಹಾಕಿಕೊಂಡು ಕೋಣೆಯ ಬಾಗಿಲಲ್ಲಿ ಕೂತಿರುತ್ತಿದ್ದರು. ವಯಸ್ಸು ಹೆಚ್ಚುಕಡಿಮೆ ನನ್ನದೇ.

ಒಂದು ಭಾನುವಾರ ಊಟದ ಹೊತ್ತಿಗೆ ಟಿವಿಯಲ್ಲಿ ಆ ಹಡಗು ಬಂತು. ಕನ್ನಡಕ್ಕೆ 'ಡಬ್' ಮಾಡಿದ್ದರು. ಕಿಟಕಿಯಿಂದ ಮಾತು ಕೇಳಿಸಿತೆಂದು ಕಾಣುತ್ತದೆ. ಅಜ್ಜಿ ಗೋಡೆ ಹಿಡಿದುಕೊಂಡು ಹಿಂದಿನ ಬಾಗಿಲಿಗೆ ಬಂದರು.

"ಏನ್ ನಡದೈತ್ರಿ ಅಣ್ಣಾರ?"

"ಹಡಗು."

ಅವರು ಒಳಗೆ ಬಂದು ನೆಲದ ಮೇಲೆ ಕೂತರು. ಮತ್ತೇನೂ ಕೇಳಲಿಲ್ಲ. ಜಾಹೀರಾತು ಬಂತು. ಏಳಲಿಲ್ಲ. ಪುನಃ ಜಾಹೀರಾತು ಬಂತು. ಆಗಲೂ ಏಳಲಿಲ್ಲ. ಮಂಜುಗಡ್ಡೆ ತಾಗಿತು. ಕನ್ನಡಕ ಸರಿ ಮಾಡಿಕೊಂಡರು, ಅಷ್ಟೆ. ನನಗೆ ಆಶ್ಚರ್ಯವಾಯಿತು. ಸ್ವಲ್ಪ ಹೆದರಿಕೆಯೂ ಆಯಿತು.

ನೀರು ಬಾಯ್ಲರಿನ ಹತ್ತಿರ ಬಂತು. ನನ್ನ ಕೈ ರಿಮೋಟಿಗೆ ಹೋಯಿತು. ಅಜ್ಜಿ ಕೂತೇ ಇದ್ದರು. ನಾನು ರಿಮೋಟನ್ನು ಕೆಳಗಿಟ್ಟೆ.

"ಎಲ್ಲಾರೂ ಮ್ಯಾಲ ಓಡಾಕತ್ತಾರ. ಈ ಮಂದಿ ಯಾಕ ತೆಳಗ ಅದಾರ್ರೀ?"

"ಅವರು ಇಂಜಿನ್ನಿನವರು," ಎಂದೆ. "ಅವರು ಬಿಟ್ಟು ಬಂದರೆ ದೀಪ ಹೋಗ್ತದೆ."

"ಹಂಗಾರ ಅವ್ರು ಬರಂಗಿಲ್ಲ?"

"ಬರುವುದಿಲ್ಲ."

ಅಜ್ಜಿ ಸ್ವಲ್ಪ ಹೊತ್ತು ಪರದೆ ನೋಡಿದರು. ಮೇಲಿನ ಡೆಕ್ಕಿನಲ್ಲಿ ಗಂಡಸರು ಮಾತಿಲ್ಲದೆ ನಿಂತಿದ್ದರು. ಯಾರೋ ವಾದ್ಯ ನುಡಿಸುತ್ತಿದ್ದರು.

"ಇಷ್ಟು ಮಂದಿ ಸಾಯಾಕತ್ತಾರ, ಅಳಾಕ ಒಬ್ಬಾಕಿನೂ ಇಲ್ಲ? ಇವ್ರದು ಯಾವ ಊರ್ರೀ?"

ಸೆರಗು ತಲೆಯ ಮೇಲೆ ಎಳೆದುಕೊಂಡರು. ಎದೆಗೆ ಒಂದು ಸಲ ಕೈ ಬಡಿದುಕೊಂಡು ಸುರು ಮಾಡಿದರು.

ಅವರ ಊರಿನಲ್ಲಿ ಹಾಡಿಕೊಂಡು ಅಳುತ್ತಾರೆ. ಯಾರ ಮನೆಯಲ್ಲಿ ಸಾವಾದರೂ ಮೊದಲು ಈ ಅಜ್ಜಿಯನ್ನೇ ಕರೆಯುತ್ತಾರೆ ಎಂದು ಮಗ ಆಮೇಲೆ ಹೇಳಿದ. ನನಗೆ ಅದು ಆಗ ಗೊತ್ತಿರಲಿಲ್ಲ.

"ಯಪ್ಪಾ ನನ್ನಪ್ಪಾ, ಬೆಂಕಿ ಮುಂದ ದುಡದವ್ನ, ತಣ್ಣೀರಾಗ ಹೆಂಗ ಮಲಗಿದ್ಯೋ! ಮನ್ಯಾಗ ರೊಟ್ಟಿ ಬಡದಿಟ್ಟಾರ, ಉಣ್ಣಾಕ ಯಾವಾಗ ಬರ್ತೀಯೋ! ಮಂದಿಗೆಲ್ಲ ದೀಪ ಹಿಡದ್ಯೋ, ನಿನ್ನ ದಾರಿಗೆ ಯಾರು ದೀಪ ಹಿಡದಾರೋ!"

ಆ ಸ್ವರದ ಎದುರು ನಮ್ಮ ಹಡಗಿನ ಗಂಟೆ ಏನೂ ಅಲ್ಲ. ಹಿಂದಿನ ಕೋಣೆಯಿಂದ ಮೇಸ್ತ್ರಿ ಓಡಿ ಬಂದ.

"ಯವ್ವಾ! ಡಾಕ್ಟರ್ ಅಳಬ್ಯಾಡ ಅಂದಾರ! ಕಣ್ಣು ಹೋಗತೈತಿ!"

ಅಜ್ಜಿ ಅಳು ನಿಲ್ಲಿಸಿ ಸಾದಾ ಸ್ವರದಲ್ಲಿ ಹೇಳಿದರು, "ಕಣ್ಣೀರು ಹಾಕಬ್ಯಾಡ ಅಂದಾರ. ಬಾಯಿಲೆ ಅಳಬ್ಯಾಡ ಅಂದಿಲ್ಲ." ಬಿಟ್ಟಲ್ಲಿಂದ ಪುನಃ ಎತ್ತಿಕೊಂಡರು. ಕಣ್ಣೀರಿನ ಪಾಲನ್ನೂ ಗಂಟಲಿಗೇ ಕೊಟ್ಟದ್ದರಿಂದ ಸ್ವರ ಇನ್ನೂ ಏರಿತು. ಮಗ ಕೈಚೆಲ್ಲಿ ನನ್ನ ಪಕ್ಕ ಕೂತ.

ಭಾನುವಾರ ಮಧ್ಯಾಹ್ನ. ಓಣಿಯಲ್ಲಿ ಶಬ್ದವಿಲ್ಲ. ಒಬ್ಬನೇ ಇರುವ ಮುದುಕನ ಮನೆಯಿಂದ ಹೆಂಗಸೊಬ್ಬಳು ಎದೆ ಬಡಿದುಕೊಂಡು ಅಳುವುದು ಕೇಳಿದರೆ, ಜನ ಏನೆಂದು ತಿಳಿಯಬೇಕು? ಅದನ್ನೇ ತಿಳಿದರು.

ಅಂಗಳದಲ್ಲಿ ಏನೋ ಗುಸುಗುಸು ಕೇಳಿ ನಾನು ಎದುರಿನ ಬಾಗಿಲು ತೆಗೆದೆ. ಗೇಟು ತೆರೆದಿತ್ತು. ಅಂಗಳ ತುಂಬ ಜನ. ಗಂಡಸರು ಎತ್ತಿ ಕಟ್ಟಿದ ಲುಂಗಿ ಇಳಿಸಿ ನಿಂತಿದ್ದರು. ಪಕ್ಕದ ಬಾಯಿಯವರ ಕೈಯಲ್ಲಿ ದೊಡ್ಡ ಫ್ಲಾಸ್ಕು. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವಲ್ಲ, ಅದಕ್ಕೆ ಚಹಾ ಮಾಡಿ ತಂದಿದ್ದರು. ಮೂಲೆಯಲ್ಲಿ ಮರ ಕಡಿಯುವವ ಮೆಷಿನ್ ಹಿಡಿದು, ನನ್ನ ಮಾವಿನ ಮರವನ್ನು ಕೆಳಗಿನಿಂದ ಮೇಲಕ್ಕೆ ಅಳೆಯುತ್ತಿದ್ದ. ನಮ್ಮಲ್ಲಿ ಹೆಣ ಸುಡಲು ಮಾವಿನ ಮರವೇ ಆಗಬೇಕು.

ನಮ್ಮ ಓಣಿಯ ರಿಕ್ಷಾದವನು ಬೆನ್ನು ಹಾಕಿ ಫೋನಿನಲ್ಲಿದ್ದ.

"ಹೌದು, ಈಗಲೇ. ಪಾಪ, ಒಬ್ಬರೇ ಇದ್ದದ್ದು. ಯಾರಿಗೂ ಒಂದು ಮಾತು ಜಾಸ್ತಿ ಆಡಿದವರಲ್ಲ." ತಿರುಗಿದ. ನನ್ನನ್ನು ನೋಡಿದ. ಬಾಯಿ ತೆರೆದೇ ಇತ್ತು. "ಒಂದು ನಿಮಿಷ," ಎಂದ ಫೋನಿಗೆ. "ಇಲ್ಲೇ ಇದ್ದಾರೆ. ಕೊಡಲಾ?"

ಒಳಗೆ ಅಜ್ಜಿಯ ಅಳು ನಡೆದಿತ್ತು.

"ಅಂಕಲ್," ಎಂದ ರಿಕ್ಷಾದವನು, "ಹಾಗಾದರೆ ಹೋದದ್ದು ಯಾರು?"

"ಹಡಗಿನವರು."

"ಎಷ್ಟು ಜನ?"

"ಸಾವಿರದ ಮೇಲೆ."

"ದೇವರೇ! ಎಲ್ಲಿ?"

"ಒಳಗೆ. ಟಿವಿಯಲ್ಲಿ."

ಮೊದಲು ನಕ್ಕದ್ದು ಬಾಯಿಯವರು. ಆಮೇಲೆ ಸ್ವಲ್ಪ ಅತ್ತರು. "ಚಹಾ ಮಾಡಿ ಆಯಿತಲ್ಲ ಮಾರಾಯ್ರೆ, ಇನ್ನೆಂತ ಮಾಡುವುದು?" ಎಂದು ಒಳಗೆ ನಡೆದರು. ಅವರ ಹಿಂದೆ ಎಲ್ಲರೂ. ಬಾಗಿಲಲ್ಲಿ ಚಪ್ಪಲಿಯ ರಾಶಿಯಾಯಿತು. ಹೆಂಡತಿ ತೀರಿಕೊಂಡ ದಿನದ ಮೇಲೆ ಅಷ್ಟು ಚಪ್ಪಲಿ ಅಲ್ಲಿ ಬಿದ್ದಿರಲಿಲ್ಲ.

ಒಳಗೆ ಬಂದವರಿಗೆ ಒಂದು ತೊಂದರೆ ಆಯಿತು. ಯಾರೋ ಸತ್ತವರಿಗೆ ಅಳುತ್ತಿರುವಾಗ ನಡುವೆ ಎದ್ದು ಹೋಗುವುದು ಮರ್ಯಾದೆಯಲ್ಲ. ಸತ್ತವರು ಟಿವಿಯಲ್ಲಿದ್ದರೂ ಅಳುವವರು ಎದುರಿಗಿದ್ದರು. ಎಲ್ಲರೂ ಕೂತರು. ಜಾಹೀರಾತು ಬಂದಾಗ ಅಜ್ಜಿ ಒಂದು ಗುಟುಕು ಚಹಾ ಕುಡಿಯುತ್ತಿದ್ದರು, ಹಡಗು ಬಂದ ಕೂಡಲೇ ಮುಂದುವರಿಸುತ್ತಿದ್ದರು.

ನನ್ನ ಎಡಕ್ಕೆ ರಿಕ್ಷಾದವ. ಬಲಕ್ಕೆ ಮೇಸ್ತ್ರಿ. ಇಬ್ಬರ ಮೊಣಕಾಲೂ ನನಗೆ ತಾಗುತ್ತಿತ್ತು. ಜಾಗ ಇರಲಿಲ್ಲ. ಹಡಗು ಎದ್ದು ನಿಂತಿತು. ದೀಪ ಉರಿಯುತ್ತಲೇ ಇತ್ತು. ಆಮೇಲೆ ಹೋಯಿತು. ಹಡಗೂ ಹೋಯಿತು. ನಾನು ನೋಡಿದೆ. ಹೆಸರುಗಳು ಮೇಲಕ್ಕೆ ಹೋಗಿ ಮುಗಿಯುವವರೆಗೆ ಯಾರೂ ಏಳಲಿಲ್ಲ.

ಅಜ್ಜಿ ಸೆರಗು ಸರಿ ಮಾಡಿಕೊಂಡು, ನನ್ನ ಕಡೆ ತಿರುಗಿದರು.

"ಅಣ್ಣಾರ, ನಿಮಗ ಅಳಾವ್ರು ಯಾರದಾರ?"

ಕೋಣೆಯಲ್ಲಿ ಎಲ್ಲರೂ ನೆಲ ನೋಡಿದರು.

"ಯಾರೂ ಇಲ್ಲ," ಎಂದೆ.

"ಹಂಗಾರ ನನಗ ಫೋನ್ ಮಾಡಿಸ್ರಿ. ಬರ್ತೀನಿ. ಇವತ್ತ ಕಣ್ಣಿಗೆ ಔಷಧ ಐತಿ, ಸರಿಯಾಗಿ ಆಗಲಿಲ್ಲ. ಅವತ್ತ ಕಣ್ಣೀರು ಹಾಕೇ ಅಳ್ತೀನಿ. ಆದ್ರ ನಮ್ಮೂರಿಂದ ಬಸ್ಸಿಗೆ ಒಂದಿನ ಹಿಡೀತೈತಿ. ನಾ ಬರೂತನಕ ಅವಸರ ಮಾಡಿ ಸುಡಬ್ಯಾಡ್ರಿ ಅಂತ ಈ ಮಂದಿಗೆ ಹೇಳಿಡ್ರಿ."

ನಾನು ಹೇಳಬೇಕಾಗಿ ಬರಲಿಲ್ಲ. ಮರ ಕಡಿಯುವವ ಬಾಗಿಲಲ್ಲಿ ಮೆಷಿನ್ ಮಡಿಲಲ್ಲಿಟ್ಟು ಕೂತಿದ್ದ. ಎಲ್ಲ ಕೇಳಿಸಿಕೊಂಡು ಎದ್ದ.

"ನೀವು ಹೆದರಬೇಡಿ ಅಂಕಲ್," ಎಂದ. "ಅಜ್ಜಿ ಕಾಪುವಿನಲ್ಲಿ ಬಸ್ಸಿನಿಂದ ಇಳಿಯದೆ ನಾನು ಮೆಷಿನ್ ಸ್ಟಾರ್ಟ್ ಮಾಡುವುದಿಲ್ಲ."